ಒಡ್ಡು ಒಬ್ಬನದಲ್ಲ

ಭತ್ತದ ಗದ್ದೆಯಿಂದ ಏಳುವ ಮೀಥೇನ್ ತಗ್ಗಿಸಲು ಕೃಷಿ ವಿಜ್ಞಾನಿಗಳು ಜಗತ್ತಿನೆಲ್ಲೆಡೆ ಹೇಳುವ ಉಪಾಯವೊಂದಿದೆ. ಗದ್ದೆಗೆ ನೀರು ಕಟ್ಟಬೇಕು, ಬತ್ತಲು ಬಿಡಬೇಕು, ಮತ್ತೆ ಕಟ್ಟಬೇಕು. ಫಿಲಿಪೈನ್ಸ್‌ನ ಕಾಲುವೆ ನೀರಾವರಿಯಲ್ಲಿ ಅದು ನಡೆದೀತು, ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲೂ ನಡೆದೀತು. ಅಲ್ಲಿ ತೂಬು ಮುಚ್ಚಿದರೆ ನೀರು ನಿಲ್ಲುತ್ತದೆ. ಕುಮಟಾದ ಹೆಗಡೆಯಲ್ಲೋ ಹೊನ್ನಾವರದ ಗುಂಡಬಾಳಾದಲ್ಲೋ ಭಟ್ಕಳದ ಮುಟ್ಟಳ್ಳಿಯಲ್ಲೋ ಜುಲೈ ತಿಂಗಳಲ್ಲಿ ಗದ್ದೆ ಬತ್ತಿಸಿ ಎಂದು ಹೇಳುವುದು ಯಾರಿಗೆ? ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನೆಲ ಇದು. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಒಂದು ಕಡೆ ಘಟ್ಟ ಒತ್ತಿಕೊಂಡು ನಿಂತಿದೆ, ಇನ್ನೊಂದು ಕಡೆ ಸಮುದ್ರ. ನಡುವಿನ ಸಣ್ಣ ಪಟ್ಟಿಯಲ್ಲಿ ನೀರನ್ನು ಬೇಕೆಂದಾಗ ತರಿಸುವುದೂ ಬೇಡವೆಂದಾಗ ನಿಲ್ಲಿಸುವುದೂ ಒಬ್ಬ ರೈತನ ಕೈಲಿಲ್ಲ.

ಕ್ಲೈಮೇಟ್ ಸ್ಮಾರ್ಟ್ ಕೃಷಿ ಎಂಬ ಮಾತನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2010ರ ಹೊತ್ತಿಗೆ ಚಲಾವಣೆಗೆ ತಂದಿತು. ಅದರ ಮುಂದಿದ್ದ ಗುರಿಗಳು ಮೂರು: ರೈತನ ಉತ್ಪನ್ನ ಮತ್ತು ಆದಾಯ ಹೆಚ್ಚಬೇಕು, ಬೇಸಾಯ ಹವಾಮಾನದ ಏರುಪೇರನ್ನು ತಡೆದುಕೊಳ್ಳಬೇಕು, ವಾತಾವರಣಕ್ಕೆ ಸೇರುವ ಅನಿಲ ಸಾಧ್ಯವಾದಷ್ಟು ಕಡಿಮೆಯಾಗಬೇಕು. ಮರುವರ್ಷ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಇದೇ ದಿಕ್ಕಿನಲ್ಲಿ ತನ್ನ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಗುರಿಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಇವೆಲ್ಲ ಯಾರನ್ನು ಉದ್ದೇಶಿಸಿ ಹೊರಡುತ್ತವೆ ಎಂಬುದರ ಬಗ್ಗೆ. ಹನಿ ನೀರಾವರಿ, ಪಾಲಿಹೌಸ್, ಸೌರ ಪಂಪು, ಬಿತ್ತನೆ ಬೀಜದ ಚೀಲ, ವಿಮೆ ಎಲ್ಲವೂ ಬರುವುದು ಒಂದು ಪಹಣಿಗೆ, ಒಂದು ಸರ್ವೆ ನಂಬರಿಗೆ, ಒಂದು ಬ್ಯಾಂಕ್ ಖಾತೆಗೆ. ಉತ್ತರ ಕನ್ನಡದ ಕುಮಟಾ, ಹೊನ್ನಾವರ, ಭಟ್ಕಳ ಈ ಮೂರು ತಾಲ್ಲೂಕುಗಳ ತಗ್ಗು ಪ್ರದೇಶದಲ್ಲಾದರೋ ಒಬ್ಬನ ಗದ್ದೆಯ ಹಣೆಬರಹ ನೆರೆಯವನ ಗದ್ದೆಯಲ್ಲಿ, ಊರ ಒಡ್ಡಿನಲ್ಲಿ, ಹೊಳೆಯ ಮೇಲ್ಗಡೆ ಯಾರೋ ತೆರೆಯುವ ಗೇಟಿನಲ್ಲಿ ಬರೆದಿರುತ್ತದೆ. ಇಲ್ಲಿ ಹವಾಮಾನಕ್ಕೆ ತಕ್ಕ ಬೇಸಾಯ ಎಂದರೆ ಮೊದಲಿಗೆ ಕೂಡಿ ನೀರು ಆಳುವ ವ್ಯವಸ್ಥೆ. ಅದನ್ನು ಬಿಟ್ಟು ಉಳಿದ ಎಲ್ಲಕ್ಕೂ ದುಡ್ಡು ಕೊಡುತ್ತಿದ್ದೇವೆ ಎಂಬುದು ನನ್ನ ವಾದ.

ಹವಾಮಾನ ಕೆಟ್ಟಿದೆ ಎಂದು ಈ ಕರಾವಳಿಯವರಿಗೆ ಅಂಕಿ ಅಂಶ ಕೊಟ್ಟು ಒಪ್ಪಿಸಬೇಕಾಗಿಲ್ಲ. 2022ರ ಆಗಸ್ಟ್ ಮೊದಲ ದಿನಗಳಲ್ಲಿ ಭಟ್ಕಳದಲ್ಲಿ ಒಂದೇ ದಿನದಲ್ಲಿ ಐನೂರು ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಪೇಟೆ ಮುಳುಗಿತು, ಮುಟ್ಟಳ್ಳಿಯಲ್ಲಿ ಗುಡ್ಡ ಮನೆಯ ಮೇಲೆ ಕುಸಿದು ನಾಲ್ವರು ಸತ್ತರು. ಮರುವರ್ಷದ ಆಗಸ್ಟ್ ಇಡೀ ದೇಶಕ್ಕೆ 1901ರ ನಂತರದ ಅತಿ ಒಣ ಆಗಸ್ಟ್ ಆಯಿತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿ, ಬೆನ್ನಿಗೇ ನಮ್ಮ ತೀರಕ್ಕೂ ಬಂತು. ಮೃಗಶಿರೆಯ ಲೆಕ್ಕ ಹಿಡಿದು ಮೇ ಕೊನೆಯಲ್ಲಿ ಒಣ ನೆಲ ಉತ್ತಿಡುವವರಿಗೆ ನೇಗಿಲು ಇಳಿಸುವ ಹೊತ್ತಿಗೆ ಕೆಸರು. ಅತಿವೃಷ್ಟಿ, ಬರ, ಅಕಾಲದ ಮಳೆ ಮೂರೂ ನಾಲ್ಕು ವರ್ಷಗಳ ಒಳಗೆ ಬಂದು ಹೋದವು. ಯಾವುದೋ ಒಂದಕ್ಕೆ ಹೇಳಿ ಮಾಡಿಸಿದ ತಳಿಯಾಗಲಿ ಯಂತ್ರವಾಗಲಿ ಈ ಮೂರಕ್ಕೂ ಉತ್ತರ ಕೊಡಲಾರದು.

ಆದ್ದರಿಂದಲೇ ಅಘನಾಶಿನಿಯ ಗಜನಿಯನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಎಲ್ಲೂ ಅಣೆಕಟ್ಟಿಲ್ಲದೆ ಘಟ್ಟ ಇಳಿದು, ಕುಮಟಾ ತಾಲ್ಲೂಕಿನಲ್ಲಿ ಹೊಳೆ ಅಗಲವಾಗಿ ಹರಡಿಕೊಳ್ಳುತ್ತದೆ. ಮಿರ್ಜಾನ, ದೀವಗಿ, ಹೆಗಡೆ, ಮಾಸೂರು, ಕಾಗಾಲ, ಮಾಣಿಕಟ್ಟಾ, ಬರ್ಗಿ, ಬೆಟ್ಕುಳಿ, ತೊರ್ಕೆ ಹೀಗೆ ಎರಡೂ ದಂಡೆಯ ಊರುಗಳಲ್ಲಿ ಭರತದ ನೀರು ಹತ್ತುವ ತಗ್ಗು ಭೂಮಿಗೆ ಒಡ್ಡು ಕಟ್ಟಿ ಮಾಡಿದ ಗದ್ದೆಗಳೇ ಗಜನಿ. ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು, ಅಂದರೆ ಜಂತ್ರಡಿ. ಉಪ್ಪುನೀರನ್ನು ಯಾವಾಗ ಒಳಗೆ ಬಿಡಬೇಕು, ಸಿಹಿನೀರನ್ನು ಯಾವಾಗ ಹೊರಗೆ ಬಿಡಬೇಕು ಎಂಬ ತೀರ್ಮಾನವೆಲ್ಲ ಆ ಬಾಗಿಲಿನ ಬಳಿ ನಡೆಯುತ್ತದೆ.

ವರ್ಷದ ಓಟ ಹೀಗೆ. ಬೇಸಿಗೆಯ ಕೊನೆಗೆ ಇಳಿತ ನೋಡಿ ನೀರನ್ನು ಪೂರ್ತಿ ಹೊರಗೆ ಬಿಟ್ಟು ಬಾಗಿಲು ಮುಚ್ಚುತ್ತಾರೆ. ಒಣಗಿದ ನೆಲ ಉಳುತ್ತಾರೆ. ಮೊದಲ ಮಳೆಗಳು ಉತ್ತ ಮಣ್ಣಿನ ಉಪ್ಪನ್ನು ಕರಗಿಸುತ್ತವೆ, ಆ ನೀರನ್ನೂ ಇಳಿತದಲ್ಲಿ ಹೊರಹಾಕಬೇಕು. ಇಷ್ಟಾದ ಮೇಲೆ ನೆನೆಸಿ ಮೊಳಕೆ ಬರಿಸಿದ ಕಗ್ಗದ ಬೀಜ ಎರಚುತ್ತಾರೆ. ಸಸಿಮಡಿ ಇಲ್ಲ, ನಾಟಿ ಇಲ್ಲ, ಗೊಬ್ಬರವಿಲ್ಲ, ಔಷಧಿ ಇಲ್ಲ. ಕಗ್ಗ ಎತ್ತರಕ್ಕೆ ಬೆಳೆಯುವ ಭತ್ತ. ಉಪ್ಪು ತಡೆಯುತ್ತದೆ, ನೆರೆ ಬಂದು ಕೆಲವು ದಿನ ಮುಳುಗಿದರೂ ಚೇತರಿಸಿಕೊಳ್ಳುತ್ತದೆ. ತೆನೆಯ ತುದಿಯ ಉದ್ದ ಮುಳ್ಳಿನಿಂದಾಗಿ ಹಕ್ಕಿಗಳಿಗೆ ಕಾಳು ಸುಲಭದ ತುತ್ತಲ್ಲ. ಅಕ್ಟೋಬರ್ ಸುಮಾರಿಗೆ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಜಂತ್ರಡಿ ತೆರೆಯುತ್ತದೆ. ಭರತದ ಜೊತೆ ಶೆಟ್ಲಿ (ಸಿಗಡಿ), ಏಡಿ, ಮೀನಿನ ಮರಿಗಳು ಒಳಗೆ ಬರುತ್ತವೆ. ಕೊಳೆಯುವ ಹುಲ್ಲಿನ ಸುತ್ತ ಹುಟ್ಟುವ ಪಾಚಿ, ಹುಳ, ಸೂಕ್ಷ್ಮಜೀವಿಗಳೇ ಅವಕ್ಕೆ ಮೇವು. ಬೇಸಿಗೆಯವರೆಗೆ ಗದ್ದೆ ಮೀನಿನ ಕೊಳ. ಹೊಳೆ ತಂದ ಮೆಕ್ಕಲು, ಮೀನಿನ ಹಿಕ್ಕೆ, ಕೊಳೆತ ಹುಲ್ಲು ಮುಂದಿನ ಬೆಳೆಗೆ ಗೊಬ್ಬರವಾಗುತ್ತವೆ. ಭತ್ತದ ಕಳೆಯೂ ಕೀಟವೂ ಆರು ತಿಂಗಳ ಉಪ್ಪುನೀರಿನಲ್ಲಿ ಉಳಿಯುವುದಿಲ್ಲ.

ಆಹಾರ ಮತ್ತು ಕೃಷಿ ಸಂಸ್ಥೆಯ ಮೂರು ಗುರಿಗಳನ್ನು ಇದರ ಪಕ್ಕ ಇಟ್ಟು ನೋಡಿ. ಒಂದೇ ನೆಲದಲ್ಲಿ ಅನ್ನ ಮತ್ತು ಮೀನು, ಎರಡು ಆದಾಯ. ಒಂದು ಕೆಟ್ಟರೂ ಇನ್ನೊಂದು ಕೈಹಿಡಿಯುತ್ತದೆ. ನೆರೆ ಮತ್ತು ಉಪ್ಪು ಎರಡನ್ನೂ ಬಲ್ಲ ತಳಿಯಿದೆ. ಯೂರಿಯಾ ಹಾಕದ ಗದ್ದೆ ಯೂರಿಯಾದಿಂದ ಹುಟ್ಟುವ ನೈಟ್ರಸ್ ಆಕ್ಸೈಡನ್ನೂ ಹೊರಬಿಡುವುದಿಲ್ಲ. ಮೀಥೇನ್ ವಿಷಯ ಇನ್ನೂ ಕುತೂಹಲದ್ದು. ನೀರು ನಿಂತ ಗದ್ದೆಯಲ್ಲಿ ಗಾಳಿಯಿಲ್ಲದ ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಈ ಅನಿಲವನ್ನು ಉತ್ಪಾದಿಸುತ್ತವೆ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಹೇರಳವಾಗಿರುತ್ತದೆ. ಸಲ್ಫೇಟ್ ಇರುವ ಕೆಸರಿನಲ್ಲಿ ಅದನ್ನು ಬಳಸಿ ಬದುಕುವ ಬೇರೆ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದು ಮೀಥೇನ್ ಮಾಡುವ ಜೀವಿಗಳ ಆಹಾರವನ್ನೇ ಕಸಿಯುತ್ತವೆ. ಹಾಗಾಗಿ ಉಪ್ಪು ಹತ್ತಿದ ಗದ್ದೆ ಸಿಹಿನೀರಿನ ಗದ್ದೆಗಿಂತ ಕಡಿಮೆ ಮೀಥೇನ್ ಬಿಡುತ್ತದೆ ಎಂಬುದು ಮಣ್ಣು ವಿಜ್ಞಾನದಲ್ಲಿ ಹಳೆಯ ತಿಳಿವಳಿಕೆ. ನೀರು ಬತ್ತಿಸುವ ಉಪಾಯ ಸಾಗದ ನೆಲದಲ್ಲಿ ಬೇರೆಯದೇ ದಾರಿಯಿಂದ ಅದೇ ಫಲ ಸಿಗುತ್ತಿದೆ. ಕುಮಟಾದ ಗಜನಿಗಳಲ್ಲಿ ಇದನ್ನು ಋತುಮಾನಕ್ಕೆ ಅನುಸಾರವಾಗಿ ಅಳೆದು ದಾಖಲಿಸುವ ಕೆಲಸ ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಮುಂದಿನ ಪಟ್ಟಿಯಲ್ಲಿ ಮೊದಲಿಗೇ ಬರಬೇಕು.

ಆದರೆ ಈ ಚಕ್ರದಲ್ಲಿ ಒಬ್ಬ ರೈತ ತಾನೊಬ್ಬನೇ ಮಾಡಬಹುದಾದದ್ದು ಏನೂ ಇಲ್ಲ. ಗಜನಿಯ ಒಳಗೆ ಪ್ರತಿಯೊಬ್ಬನಿಗೂ ತನ್ನ ತುಂಡು ಇದೆ, ಆದರೆ ನೀರು ಒಂದೇ. ಬಾಗಿಲು ತೆರೆದರೆ ಎಲ್ಲರ ಗದ್ದೆಗೂ ಉಪ್ಪು ಬಂತು. ಹತ್ತು ಜನ ಬಿತ್ತಿ ಮೂವತ್ತು ಜನ ಬಿತ್ತದಿದ್ದರೆ ಬೀಳು ಬಿಟ್ಟ ಗದ್ದೆಯಿಂದ ಇಲಿ, ಕಳೆ, ಹಕ್ಕಿಯ ಹಿಂಡು ಬಿತ್ತಿದವನ ಮೇಲೆ ಬೀಳುತ್ತದೆ. ಒಡ್ಡಿನ ಒಂದು ಮಾರು ಕುಸಿದರೆ ನೂರು ಎಕರೆ ಹೋಯಿತು. ಮಾಣಿಕಟ್ಟಾದಲ್ಲಿ ಕಗ್ಗ ಇಂದಿಗೂ ಉಳಿದಿದ್ದರೆ ಅದಕ್ಕೆ ಕಾರಣ ಅಲ್ಲಿನ ರೈತರು ಸಂಘ ಕಟ್ಟಿಕೊಂಡು ಬೀಜ, ಬಿತ್ತನೆ, ಬಾಗಿಲು ಮೂರನ್ನೂ ಒಟ್ಟಾಗಿ ನಡೆಸುತ್ತಿರುವುದು. ತಳಿಯ ಗುಣ ಎಲ್ಲ ಗಜನಿಯಲ್ಲೂ ಒಂದೇ ಇತ್ತು. ಉಳಿದದ್ದು ಮಾತ್ರ ಕೂಟ ಉಳಿದ ಕಡೆ.

ಕೂಟ ಉಳಿದ ಕಡೆಗಳು ಇಷ್ಟು ಕಡಿಮೆ ಯಾಕೆ ಎಂದು ಕೇಳಿದರೆ ಒಂದು ಅಹಿತಕರ ಚರಿತ್ರೆಗೆ ಹೋಗಬೇಕಾಗುತ್ತದೆ, ಅದನ್ನು ಮುಚ್ಚಿಟ್ಟು ಗಜನಿಯನ್ನು ಹೊಗಳುವುದು ನನಗೆ ಒಗ್ಗದು. ಹಳೆಯ ಮಣ್ಣಿನ ಒಡ್ಡುಗಳನ್ನು ವರ್ಷ ವರ್ಷ ಎತ್ತರಿಸುತ್ತಿದ್ದವರು ಗೇಣಿದಾರರು ಮತ್ತು ಕೂಲಿಗಳು. ಒಡೆಯನ ಮಾತಿನ ಭಯ ಆ ದುಡಿಮೆಯ ಹಿಂದಿತ್ತು. ಕವಿ, ರೈತ ಮುಖಂಡ ದಿನಕರ ದೇಸಾಯಿ 1940ರಲ್ಲಿ ಜಿಲ್ಲೆಯಿಂದ ಗಡಿಪಾರಾದದ್ದು ಇಂಥ ಗೇಣಿದಾರರನ್ನು ಸಂಘಟಿಸಿದ್ದಕ್ಕೆ. 1974ರ ಭೂ ಸುಧಾರಣೆ ಉಳುವವನ ಕೈಗೆ ನೆಲ ಕೊಟ್ಟಿತು. ಕರ್ನಾಟಕದಲ್ಲಿ ಆ ಕಾನೂನು ನಿಜವಾಗಿ ನೆಲಕ್ಕಿಳಿದ ಜಿಲ್ಲೆಗಳಲ್ಲಿ ಉತ್ತರ ಕನ್ನಡವೂ ಒಂದು, ಅದು ಆಗಲೇಬೇಕಿದ್ದ ನ್ಯಾಯ. ಆದರೆ ನೆಲ ಹಂಚಿದ ಕಾನೂನು ಒಡ್ಡನ್ನು ಯಾರಿಗೆ ಒಪ್ಪಿಸಬೇಕೆಂದು ಹೇಳಲಿಲ್ಲ. ಪಹಣಿಯಲ್ಲಿ ಗುಂಟೆ ಗುಂಟೆಗೂ ಹೆಸರು ಬಂತು, ಒಡ್ಡಿಗೆ ಬರಲಿಲ್ಲ. ಸರ್ಕಾರ ಖಾರ್‌ಲ್ಯಾಂಡ್ ಎಂಬ, ಉಪ್ಪುನೀರು ತಡೆಯುವ ಯೋಜನೆಯಲ್ಲಿ ಕಲ್ಲಿನ ಗಟ್ಟಿ ಒಡ್ಡು ಕಟ್ಟಿಸಿತು, ಜನ ನಿಟ್ಟುಸಿರು ಬಿಟ್ಟರು. ನಿರ್ವಹಣೆಗೆ ವರ್ಷ ವರ್ಷ ಹಣ ಬರದೆ ಅವೂ ಒಂದೊಂದಾಗಿ ಬಿರಿದವು. ಊರವರು ಇಲಾಖೆಯತ್ತ ನೋಡಿದರು, ಇಲಾಖೆ ಮುಂದಿನ ಅನುದಾನದತ್ತ.

ಅಷ್ಟರಲ್ಲಿ ಶೆಟ್ಲಿಯ ಬೆಲೆ ಏರಿತು. ಎಂಬತ್ತರ ದಶಕದ ಕೊನೆಯಿಂದ ರಫ್ತಿನ ಆಸೆಗೆ ಗಜನಿಗಳು ಸಿಗಡಿ ಕೆರೆಗಳಾದವು. ತೊಂಬತ್ತರ ದಶಕದ ನಡುವೆ ಬಿಳಿಚುಕ್ಕೆ ರೋಗ ಬಂದು ಕೆರೆಗೆ ಕೆರೆಯೇ ಸತ್ತಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಜಗನ್ನಾಥ್ ಪ್ರಕರಣದಲ್ಲಿ ಕರಾವಳಿ ನಿಯಂತ್ರಣ ವಲಯದೊಳಗಿನ ತೀವ್ರ ಸಿಗಡಿ ಕೃಷಿಯನ್ನು ತಡೆದು, ಕೃಷಿಭೂಮಿಯನ್ನು ಸಿಗಡಿ ಕೆರೆ ಮಾಡುವುದನ್ನು ನಿಷೇಧಿಸಿತು, ಸಾಂಪ್ರದಾಯಿಕ ಪದ್ಧತಿಗೆ ರಿಯಾಯಿತಿ ಕೊಟ್ಟಿತು. ಕಾನೂನಿನ ಕಣ್ಣಿಗೆ ಗಜನಿ ಬದುಕಿಕೊಂಡಿತು. ನೆಲದ ಮೇಲೆ ನಡೆದದ್ದು ಬೇರೆ. ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಡುವ ಪದ್ಧತಿ ಬಲವಾಯಿತು, ಗುತ್ತಿಗೆಯ ಹಣ ಭತ್ತದ ಹಣವನ್ನು ಮೀರಿತು. ಗುತ್ತಿಗೆದಾರನಿಗೆ ಉಪ್ಪುನೀರು ಎಷ್ಟು ದಿನ ಒಳಗಿದ್ದರೆ ಅಷ್ಟು ಲಾಭ. ಬಾಗಿಲು ಮುಚ್ಚುವ ದಿನ ಮುಂದೆ ಮುಂದೆ ಹೋಯಿತು. ನೆಲ ಒಣಗಲು, ಉಳಲು ಬೇಕಾದ ವಾರಗಳು ಕರಗಿದವು. ಕಗ್ಗ ಬಿಡುವುದು ಎಂದು ಯಾವ ಸಭೆಯಲ್ಲೂ ನಿರ್ಧಾರವಾಗಲಿಲ್ಲ, ಬಿತ್ತುವ ದಿನವೇ ಬರಲಿಲ್ಲ. ಹುಲ್ಲಿಲ್ಲದ ಗಜನಿಯಲ್ಲಿ ಶೆಟ್ಲಿಗೆ ಮೇವೂ ಕಡಿಮೆ. ಭತ್ತ ಬಿಟ್ಟ ಮೇಲೆ ಮೀನೂ ಮೊದಲಿನಷ್ಟಿಲ್ಲ ಎಂದು ಹಿರಿಯ ರೈತರು ಹೇಳುವುದರಲ್ಲಿ ಸರಳವಾದ ಜೀವಶಾಸ್ತ್ರವಿದೆ.

ಬೀಳು ಬಿದ್ದ ಗಜನಿಗಳಲ್ಲಿ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ಬೆಳೆದಿದೆ. ಅಲೆಯ ಹೊಡೆತ ತಡೆಯುವ, ಮೀನಿಗೆ ತೊಟ್ಟಿಲಾದ, ಕೆಸರಿನಲ್ಲಿ ಇಂಗಾಲ ಹುದುಗಿಸುವ ಕಾಂಡ್ಲಾ ಅಮೂಲ್ಯವೇ. ಅದರ ಮಹತ್ವವನ್ನೂ ಸೇರಿಸಿಯೇ 2024ರ ಜನವರಿಯ ಕೊನೆಗೆ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಸುಮಾರು 4,800 ಹೆಕ್ಟೇರ್. ಆದರೆ ಮ್ಯಾಂಗ್ರೋವ್ ಇರುವ ಜಾಗ ಕರಾವಳಿ ನಿಯಮಗಳಲ್ಲಿ ಅತಿ ಬಿಗಿಯಾದ ವರ್ಗಕ್ಕೆ ಸೇರುತ್ತದೆ. ಹತ್ತು ವರ್ಷ ಬಿಟ್ಟ ಗದ್ದೆಯನ್ನು ಮತ್ತೆ ಹಸನು ಮಾಡಲು ಹೊರಟವನಿಗೆ ಮರ ಕಡಿಯುವ ಆರೋಪ ಕಾದಿರುತ್ತದೆ. ಒಡ್ಡಿನ ಹೊರಮೈಗೆ ಕಾಂಡ್ಲಾ, ಒಳಗೆ ಕಗ್ಗ ಎಂಬ ಹಳೆಯ ವಿಂಗಡಣೆಯೇ ಎರಡನ್ನೂ ಕಾಯುತ್ತಿತ್ತು. ಹೊರಗಿನ ಕಾಂಡ್ಲಾ ಒಡ್ಡನ್ನು ತಡೆದು ನಿಲ್ಲಿಸುತ್ತದೆ, ಒಳಗಿನ ಕಾಂಡ್ಲಾ ಗದ್ದೆಯನ್ನು ಮುಗಿಸುತ್ತದೆ. ರಾಮ್ಸಾರ್ ಒಪ್ಪಂದವೇ ಜೌಗು ಪ್ರದೇಶದ ವಿವೇಕದ ಬಳಕೆಯನ್ನು ಒಪ್ಪುತ್ತದೆ. ಅಘನಾಶಿನಿಯ ನಿರ್ವಹಣಾ ಯೋಜನೆಯಲ್ಲಿ ಕಗ್ಗ ಬೆಳೆಯುವ ಗಜನಿಗೆ ಗದ್ದೆಯಾಗಿಯೇ ಸ್ಥಾನ ಸಿಗಬೇಕು.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತಿದೆ, ಅದು ಹಗುರವಾದದ್ದಲ್ಲ. ಕಗ್ಗದ ಇಳುವರಿ ಸುಧಾರಿತ ತಳಿಗಳ ಮುಂದೆ ಕಡಿಮೆ. ಕೆಸರಿನಲ್ಲಿ ನಿಂತು ತೆನೆ ಕೊಯ್ಯುವ ಕೆಲಸಕ್ಕೆ ಯಂತ್ರ ಇಳಿಯುವುದಿಲ್ಲ, ಆಳು ಸಿಗುವುದಿಲ್ಲ. ಪಡಿತರದಲ್ಲಿ ಅಕ್ಕಿ ಸಿಗುವಾಗ ಸೊಂಟ ಮುರಿದುಕೊಂಡು ಅಕ್ಕಿ ಯಾಕೆ ಬೆಳೆಯಬೇಕು? ಮಕ್ಕಳು ಮಂಗಳೂರಿಗೋ ಗೋವಾಕ್ಕೋ ಕೊಲ್ಲಿಗೋ ಹೋಗಿದ್ದಾರೆ, ಅವರನ್ನು ಕೆಸರಿಗೆ ವಾಪಸು ಕರೆಯುವ ಹಕ್ಕು ಲೇಖನ ಬರೆಯುವವರಿಗೆ ಇಲ್ಲ. ಎಲ್ಲ ನಿಜ. ಕಗ್ಗವನ್ನು ಬರೀ ಭತ್ತವೆಂದು ತೂಗಿದರೆ ಅದು ಸೋಲುತ್ತದೆ. ಆದರೆ ಒಡ್ಡು ಸುಸ್ಥಿತಿಯಲ್ಲಿದ್ದರೆ ಅದರ ಹಿಂದಿನ ಊರ ಬಾವಿಗಳಿಗೆ ಉಪ್ಪು ಹತ್ತುವುದಿಲ್ಲ, ತೆಂಗಿನ ತೋಟ ಒಣಗುವುದಿಲ್ಲ, ಮನೆಯಂಗಳಕ್ಕೆ ಭರತ ಬರುವುದಿಲ್ಲ. ಈ ಲಾಭಗಳನ್ನು ಇಡೀ ಊರು ಉಣ್ಣುತ್ತದೆ, ಖರ್ಚನ್ನು ಮಾತ್ರ ಕಗ್ಗ ಬಿತ್ತುವ ಕೆಲವರು ಹೊರುತ್ತಾರೆ. ಸಮುದ್ರಮಟ್ಟ ಏರುತ್ತಿರುವ ದಿನಗಳಲ್ಲಿ ತೀರದುದ್ದಕ್ಕೂ ಕಲ್ಲು ಸುರಿದು ತಡೆಗೋಡೆ ಕಟ್ಟಲು ಸರ್ಕಾರ ಕೋಟಿ ಕೋಟಿ ಸುರಿಯುತ್ತದೆ. ಬೇಸಾಯದ ನೆಪದಲ್ಲಿ ಒಡ್ಡನ್ನು ದಿನವೂ ನಡೆದು ನೋಡಿಕೊಳ್ಳುವ ರೈತನ ಕೆಲಸಕ್ಕೆ ಬೆಲೆ ಕಟ್ಟುವ ಅಂಕಣ ಯಾವ ಇಲಾಖೆಯ ಲೆಕ್ಕಪುಸ್ತಕದಲ್ಲೂ ಇಲ್ಲ.

ಉಪ್ಪು ತಡೆಯುವ ಹೊಸ ತಳಿಗಳಿವೆಯಲ್ಲ ಎಂಬ ಇನ್ನೊಂದು ಮಾತಿದೆ. ಇವೆ, ಒಳ್ಳೆಯ ವಿಜ್ಞಾನವೂ ಅಲ್ಲಿದೆ. ಕೇರಳದ ಪೊಕ್ಕಾಳಿ ಭತ್ತದಿಂದ ಗುರುತಿಸಿದ ಸಾಲ್ಟಾಲ್ ಎಂಬ ವಂಶವಾಹಿ ಭಾಗವನ್ನು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ ಹಿಡಿದು ಹಲವು ದೇಶಗಳ ತಳಿಶಾಸ್ತ್ರಜ್ಞರು ಹೊಸ ತಳಿಗಳಿಗೆ ಸೇರಿಸಿದ್ದಾರೆ. ಒಡಿಶಾದ ನಾಟಿ ತಳಿಯೊಂದರ ಗುಣದಿಂದ ಮುಳುಗಡೆ ತಾಳುವ ಸ್ವರ್ಣಾ ಸಬ್-1 ಬಂತು. ಎರಡರ ಮೂಲವೂ ಯಾವುದೋ ತಗ್ಗು ಗದ್ದೆಯಲ್ಲಿ ರೈತರು ಬಿತ್ತುತ್ತಾ ಬಂದ ಬೀಜ. ಕಗ್ಗ ಹೊಲದಿಂದ ಮಾಯವಾದರೆ ಶೀತಲಗೃಹದಲ್ಲಿ ಅದರ ಕಾಳು ಉಳಿಯಬಹುದು, ಆದರೆ ಬದಲಾಗುತ್ತಿರುವ ಉಪ್ಪಿಗೂ ಮಳೆಗೂ ವರ್ಷ ವರ್ಷ ಒಗ್ಗಿಕೊಳ್ಳುವ ಅದರ ಓಟ ಅಲ್ಲಿಗೇ ನಿಲ್ಲುತ್ತದೆ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆ ಸಮುದಾಯಗಳು ಕಾಪಾಡಿದ ತಳಿಗೆ ಮಾನ್ಯತೆ ಕೊಡುತ್ತದೆ. ಕುಮಟಾದ ಆಳ್ವೆಕೋಡಿ, ವನ್ನಳ್ಳಿ, ಹಂದಿಗೋಣದ ಮನೆಗಳು ಭತ್ತದ ನಂತರ ಉಳಿದ ತೇವದಲ್ಲಿ ಬೆಳೆದು, ಗೊಂಚಲು ಹೆಣೆದು ಹೆದ್ದಾರಿ ಬದಿಗೆ ತೂಗುಹಾಕುವ ಸಿಹಿ ಈರುಳ್ಳಿಗೂ ಇದೇ ಮಾತು ಸಲ್ಲುತ್ತದೆ. ಆ ಬೀಜ ಯಾವ ಕಂಪನಿಯ ಪೊಟ್ಟಣದಲ್ಲೂ ಇಲ್ಲ.

ಕುಮಟಾದಿಂದ ದಕ್ಷಿಣಕ್ಕೆ ಹೊನ್ನಾವರಕ್ಕೆ ಬಂದರೆ ಕೂಟದ ಗಡಿ ಊರ ಒಡ್ಡಿಗಿಂತ ಬಹಳ ದೂರ ಚಾಚಿಕೊಂಡಿರುವುದು ಕಾಣುತ್ತದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು, ಆಮೇಲೆ ಗೇರುಸೊಪ್ಪೆಯ ಅಣೆಕಟ್ಟು. ವಿದ್ಯುತ್ ತೆಗೆದು ಬಿಟ್ಟ ಸಿಹಿನೀರು ವರ್ಷವಿಡೀ ಅಳಿವೆಗೆ ಇಳಿಯುತ್ತದೆ, ಬೇಸಿಗೆಯಲ್ಲಿ ಏರಬೇಕಾದ ಉಪ್ಪು ಏರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಎರಡೂ ಅಳಿವೆಗಳನ್ನು ಅಧ್ಯಯನ ಮಾಡಿ ಈ ವ್ಯತ್ಯಾಸವನ್ನು ದಾಖಲಿಸಿದ್ದಾರೆ: ಅಘನಾಶಿನಿಯಲ್ಲಿ ಬಳಚು, ಕಲ್ವ ಎಂಬ ಚಿಪ್ಪುಜೀವಿಗಳು ಸಾವಿರಾರು ಕುಟುಂಬಗಳಿಗೆ ಬದುಕು, ಶರಾವತಿಯ ಅಳಿವೆಯಲ್ಲಿ ಅವು ಕ್ಷೀಣಿಸಿವೆ. ಮಳೆಗಾಲದಲ್ಲಿ ಜಲಾಶಯ ತುಂಬಿದ ವರ್ಷ ಗೇಟು ತೆರೆದರೆ ಎಡಬಲ ದಂಡೆಯ ಅಡಿಕೆ, ತೆಂಗಿನ ತೋಟಗಳಿಗೆ ನೀರು. ದಂಡೆಯ ತೋಟಗಾರ ಎಷ್ಟೇ ಜಾಣ್ಮೆಯ ಬೇಸಾಯ ಮಾಡಿದರೂ ಅವನ ತೋಟದ ನೀರಿನ ಮಟ್ಟ ನಿರ್ಧಾರವಾಗುವುದು ಘಟ್ಟದ ಮೇಲಿನ ನಿಯಂತ್ರಣ ಕೊಠಡಿಯಲ್ಲಿ. ಈಗ ಅದೇ ಕಣಿವೆಗೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ, ಅಘನಾಶಿನಿಯ ನೀರನ್ನು ಘಟ್ಟದಾಚೆ ವೇದಾವತಿಗೆ ಒಯ್ಯುವ ಪ್ರಸ್ತಾಪ ಎರಡೂ ಮುಂದೆ ಬಂದಿವೆ. ಗಜನಿಯ ಉಪ್ಪು ತೊಳೆಯುವುದು ಮಳೆಗಾಲದ ಸಿಹಿನೀರು. ಅದು ಸಮುದ್ರಕ್ಕೆ ಹೋಗಿ ವ್ಯರ್ಥವಾಗುತ್ತದೆ ಎನ್ನುವವರು ಹೊಳೆಯ ಕೊನೆಯ ಹದಿನೈದು ಮೈಲಿಯಲ್ಲಿ ಯಾರು ಏನು ಬೆಳೆಯುತ್ತಾರೆಂದು ನೋಡಿಲ್ಲ.

ಭಟ್ಕಳದಲ್ಲಿ ಕೂಡಿ ಆಳುವ ಒಡ್ಡುಗಳ ಕಥೆ ಇಷ್ಟು ಸ್ಪಷ್ಟವಿಲ್ಲ. ಹದಿನಾರನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ಡುವಾರ್ಟೆ ಬಾರ್ಬೋಸಾ ಈ ಬಂದರಿನಿಂದ ಹಡಗೇರುತ್ತಿದ್ದ ಅಕ್ಕಿಯ ಬಗ್ಗೆ ಬರೆದಿದ್ದಾನೆ. ಇಂದು ಭಟ್ಕಳದ ಬೈಲುಗಳು ಮಣ್ಣು ತುಂಬಿಸಿಕೊಂಡು ನಿವೇಶನಗಳಾಗುತ್ತಿವೆ. ಘಟ್ಟಕ್ಕೂ ಕಡಲಿಗೂ ನಡುವೆ ಇಲ್ಲಿ ಜಾಗ ತೀರ ಕಿರಿದು, ವೆಂಕಟಾಪುರ, ಶರಾಬಿ ಹೊಳೆಗಳು ಗಿಡ್ಡ. ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ನೀರು ಪೇಟೆಗೆ ಬರುತ್ತದೆ. ಬೈಲು ಗದ್ದೆ ಆ ನೀರನ್ನು ಹಿಡಿದು ನಿಧಾನವಾಗಿ ಬಿಡುತ್ತಿತ್ತು. ಅಡ್ಡಲಾಗಿ ಎದ್ದ ಹೆದ್ದಾರಿಯ ದಿಬ್ಬ, ಸಾಲದ ಮೋರಿ, ಮುಚ್ಚಿದ ತೋಡು ಇವು ಹವಾಮಾನದ ಕೊಡುಗೆಯಲ್ಲ, ನಾವು ಕಟ್ಟಿದ್ದು. ನಾಲ್ಕಾರು ಗುಂಟೆಯಲ್ಲಿ ಮಲ್ಲಿಗೆ ಬೆಳೆದು ದಿನದ ಖರ್ಚು ತೂಗಿಸುವ ಮನೆಗಳಿಗೆ ಬೇರಿನ ಬುಡದಲ್ಲಿ ನೀರು ನಿಲ್ಲದಿರುವುದೇ ದೊಡ್ಡ ಹವಾಮಾನ ರಕ್ಷಣೆ. ಅದನ್ನು ಮಲ್ಲಿಗೆ ಬೆಳೆಗಾರ್ತಿ ತನ್ನ ಅಂಗಳದಲ್ಲಿ ನಿಂತು ಮಾಡಿಕೊಳ್ಳಲಾರಳು. ತೋಡಿನ ಉದ್ದಕ್ಕೂ ಇರುವ ಎಲ್ಲರೂ, ಪಂಚಾಯತಿ, ಹೆದ್ದಾರಿ ಪ್ರಾಧಿಕಾರ ಒಂದೇ ನಕ್ಷೆಯ ಸುತ್ತ ಕೂರಬೇಕು.

ವಿಮೆಯೂ ಇದೇ ಕಡೆ ಎಡವುತ್ತದೆ. ನಮ್ಮ ಅಡಿಕೆ, ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ವಿಮೆ ಮಳೆಮಾಪಕದ ಅಂಕಿ ನೋಡಿ ಪರಿಹಾರ ಕೊಡುತ್ತದೆ. ಗಜನಿಯ ನಷ್ಟವೋ ಮಳೆಮಾಪಕಕ್ಕೆ ಕಾಣುವಂಥದ್ದಲ್ಲ, ಒಡ್ಡು ಬಿರಿದು ಭರತ ನುಗ್ಗಿದಾಗ ಆಗುವಂಥದ್ದು. ಫಸಲ್ ಬಿಮಾ ಯೋಜನೆಯಲ್ಲಿ ಭತ್ತದ ಮುಳುಗಡೆಯನ್ನು ಸ್ಥಳೀಯ ವಿಪತ್ತುಗಳ ಪಟ್ಟಿಯಿಂದ 2018ರಲ್ಲಿ ಕೈಬಿಟ್ಟಿದ್ದರು. 2026ರ ಮುಂಗಾರಿನಿಂದ ಅದನ್ನು ಮತ್ತೆ ಸೇರಿಸುವುದಾಗಿ ಕೇಂದ್ರ 2025ರ ನವೆಂಬರ್‌ನಲ್ಲಿ ಹೇಳಿತು, ಒಳ್ಳೆಯದಾಯಿತು. ಉಪ್ಪುನೀರಿನ ಮುಳುಗಡೆಯನ್ನೂ ಅದರಲ್ಲಿ ಬಿಡಿಸಿ ಹೇಳಬೇಕು, ಒಂದೊಂದೇ ಪಹಣಿಯ ಬದಲು ಇಡೀ ಗಜನಿಯನ್ನು ಒಂದು ಘಟಕವಾಗಿ ವಿಮೆಗೆ ಒಳಪಡಿಸಬೇಕು.

ಘಟಕದ ಈ ಮಾತನ್ನು ಉಳಿದ ಎಲ್ಲಕ್ಕೂ ಚಾಚಬಹುದು. ಕೇರಳದಲ್ಲಿ ಪೊಕ್ಕಾಳಿ ಗದ್ದೆಗೆ ಒಂದು ಭತ್ತ ಒಂದು ಮೀನು ಎಂಬ ನಿಯಮವಿದೆ. ನವೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಮೀನು, ಆಮೇಲೆ ಬಾಗಿಲು ಮುಚ್ಚಬೇಕು. ಗದ್ದೆಯನ್ನು ಗದ್ದೆಯಾಗಿ ಉಳಿಸಿಕೊಂಡವರಿಗೆ 2020ರಿಂದ ಅಲ್ಲಿನ ಸರ್ಕಾರ ಹೆಕ್ಟೇರಿಗೆ ವಾರ್ಷಿಕ 2,000 ರೂಪಾಯಿಯ ಗೌರವಧನ ಆರಂಭಿಸಿತು. ಪೊಕ್ಕಾಳಿಗೆ 2008ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ಇಷ್ಟಿದ್ದೂ ಪೊಕ್ಕಾಳಿಯ ವಿಸ್ತೀರ್ಣ ಕುಗ್ಗುತ್ತಲೇ ಇದೆ, ಕಾರಣ ಕ್ಯಾಲೆಂಡರನ್ನು ಜಾರಿಗೆ ತರುವ ಕೈ ಬಲವಾಗಿಲ್ಲ, ಗೌರವಧನ ಸಿಗಡಿಯ ಆಸೆಗೆ ಎದುರಾಗುವಷ್ಟಿಲ್ಲ. ನಾವು ಅದರಿಂದ ಕಲಿತು ಒಂದು ಹೆಜ್ಜೆ ಮುಂದಿಡಬಹುದು. 2022ರಲ್ಲಿ ರಾಜ್ಯ ಸರ್ಕಾರ ಖಾರ್‌ಲ್ಯಾಂಡ್ ಒಡ್ಡುಗಳಿಗೆ ದೊಡ್ಡ ಮೊತ್ತದ ಯೋಜನೆ ಘೋಷಿಸಿತು. ಕಾಂಕ್ರೀಟು ಸುರಿಯುವ ಮುನ್ನ ಪ್ರತಿ ಗಜನಿಗೂ ಕಾನೂನಿನ ಬಲವಿರುವ ಒಂದು ಕೂಟ ಇರಬೇಕು. ಒಡ್ಡಿನ ನಿರ್ವಹಣೆಯ ಹಣ ವರ್ಷ ವರ್ಷ ಆ ಕೂಟದ ಖಾತೆಗೆ ನೇರವಾಗಿ ಬರಬೇಕು. ಮೀನಿನ ಗುತ್ತಿಗೆಯ ಕರಾರಿನಲ್ಲಿ ಬಾಗಿಲು ಮುಚ್ಚುವ ದಿನಾಂಕ ಬರೆದಿರಬೇಕು, ಗುತ್ತಿಗೆ ಹಣದ ಒಂದು ಪಾಲು ಕಗ್ಗದ ಬಿತ್ತನೆಗೆ ಮೀಸಲಿರಬೇಕು. ಮುಂಗಾರು ಮೇ ತಿಂಗಳಲ್ಲೇ ಬರುವ ವರ್ಷಗಳು ಹೆಚ್ಚಾದರೆ ಆ ದಿನಾಂಕವನ್ನು ಏಪ್ರಿಲ್ ಆರಂಭಕ್ಕೆ ತರಬೇಕಾದೀತು. ಅದನ್ನು ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ಕೂಟವೇ ವರ್ಷ ವರ್ಷ ನಿರ್ಧರಿಸಲಿ.

ಆ ಕೂಟದಲ್ಲಿ ಯಾರು ಕೂರಬೇಕು ಎಂಬುದನ್ನೂ ಈಗಲೇ ಇತ್ಯರ್ಥ ಮಾಡಬೇಕು, ಹಿಂದಿನ ಒಡೆಯರ ಕಾಲದ ತಪ್ಪು ಮರುಕಳಿಸಬಾರದು. ಜಮೀನಿನ ಹಕ್ಕಿನ ಮೇಲೆ ನಿಂತ ಸಂಘದಲ್ಲಿ ಪಹಣಿಯಲ್ಲಿ ಹೆಸರಿದ್ದವರ ಮಾತೇ ನಡೆಯುತ್ತದೆ, ಪಹಣಿಯಲ್ಲಿ ಹೆಣ್ಣುಮಕ್ಕಳ ಹೆಸರು ವಿರಳ. ತೆನೆ ಕೊಯ್ಯುವವರಲ್ಲಿ ಹೆಚ್ಚಿನವರು ಹೆಂಗಸರು. ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಲ್ಲಿ ಬಳಚು ಆಯುವವರಲ್ಲೂ ಅವರೇ ಹೆಚ್ಚು. ಗಜನಿಯ ಹೊರಗೆ ಹೊಳೆಯಲ್ಲಿ ಬಲೆ ಬೀಸುವವನಿಗೆ ಒಳಗೆ ಒಂದು ಗುಂಟೆಯೂ ಇರುವುದಿಲ್ಲ, ಆದರೂ ಒಳಗೆ ಬೆಳೆದು ಹೊರಬರುವ ಮೀನು ಅವನ ಪಾಲು. ಜಂತ್ರಡಿ ತೆರೆಯುವ ದಿನ ಬದಲಾದರೆ ಇವರೆಲ್ಲರ ದುಡಿಮೆಯ ದಿನವೂ ಬದಲಾಗುತ್ತದೆ. ಹೊಸ ಕೂಟದ ನಿಯಮಾವಳಿ ಬರೆಯುವಾಗ ಈ ಮೂವರಿಗೂ ಮತದ ಹಕ್ಕು ಕೊಡಬೇಕು, ದಿನಾಂಕ ಗೊತ್ತುಮಾಡುವ ಸಭೆಯನ್ನು ಅವರು ಕೆಲಸ ಬಿಟ್ಟು ಬರಬೇಕಾಗದ ಹೊತ್ತಿನಲ್ಲಿ, ಭರತ ಏರಿರುವಾಗ ಕರೆಯಬೇಕು.